ಚಳಿ ಬಿಡದ ಷಿಕಾಗೋ ಏಪ್ರಿಲ್‌ನಲ್ಲಿ ಸಸಿ ಎಬ್ಬಿಸುವ ಹೀಟ್ ಮ್ಯಾಟ್: ಒಂದು ವಿಮರ್ಶೆ

ಷಿಕಾಗೋ ಸುತ್ತಮುತ್ತ ನೆಲೆಸಿ, ಹಿತ್ತಲಲ್ಲಿ ನಾಲ್ಕು ಬದನೆ ಗಿಡ, ಒಂದಿಷ್ಟು ಹಸಿಮೆಣಸಿನಕಾಯಿ ಬೆಳೆಯಬೇಕೆನ್ನುವ ಕನ್ನಡಿಗರಿಗೆ ಮೊದಲ ಅಡ್ಡಿ ವಸಂತದ ಚಳಿ. ಮಿಷಿಗನ್ ಸರೋವರದ ನೀರು ನಿಧಾನವಾಗಿ ಕಾಯುವುದರಿಂದ ಅದರ ಮೇಲಿಂದ ಬರುವ ಗಾಳಿ ದಡದ ಊರುಗಳನ್ನು ಏಪ್ರಿಲ್‌ನಲ್ಲಿಯೂ ತಣ್ಣಗೆ ಇಟ್ಟಿರುತ್ತದೆ. ದಡದಿಂದ ದೂರದ ಉಪನಗರಗಳಲ್ಲಿ ಹಗಲು ಬೆಚ್ಚಗಿದ್ದರೂ ರಾತ್ರಿ ಇಬ್ಬನಿ ಹೆಪ್ಪುಗಟ್ಟುವ ಭಯ ಮೇ ಮಧ್ಯಭಾಗದವರೆಗೂ ತಪ್ಪುವುದಿಲ್ಲ. ಆದ್ದರಿಂದ ಮಾರ್ಚ್‌ನಲ್ಲೇ ಮನೆಯೊಳಗೆ ಬೀಜ ಹಾಕಬೇಕಾಗುತ್ತದೆ, ಅದಕ್ಕಾಗಿಯೇ ಇಲ್ಲಿನ ತೋಟಗಾರಿಕೆ ಅಂಗಡಿಗಳು ಸಸಿಗಳ ಹೀಟ್ ಮ್ಯಾಟ್, ಅಂದರೆ ಬೀಜದ ಟ್ರೇಯ ಅಡಿಯಲ್ಲಿ ಹಾಸಿ ಮಣ್ಣನ್ನು ಬೆಚ್ಚಗಿಡುವ ವಿದ್ಯುತ್ ಚಾಪೆ ಮಾರುತ್ತವೆ.

ನಾನು ಇಲ್ಲಿ ಹೇಳುತ್ತಿರುವುದು ಒಂದು ಟ್ರೇಗೆ ಸಾಲುವ ಸಾಮಾನ್ಯ ಅಳತೆಯ ಮ್ಯಾಟ್ ಕುರಿತು. ಹತ್ತು ಇಂಚು ಅಗಲ, ಇಪ್ಪತ್ತು ಇಂಚು ಉದ್ದದ, ಇಲ್ಲಿನ ತೋಟಗಾರರು 1020 ಎಂದೇ ಕರೆಯುವ ಟ್ರೇ ಅದರ ಮೇಲೆ ಸರಿಯಾಗಿ ಕೂರುತ್ತದೆ. ಬ್ರ್ಯಾಂಡ್ ಹೆಸರು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ, ಏಕೆಂದರೆ ಈ ಬೆಲೆಯಲ್ಲಿ ಸಿಗುವ ಮ್ಯಾಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ರಚನೆಯವು: ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಕಾಯುವ ತಂತಿ, ಇಪ್ಪತ್ತು ವ್ಯಾಟ್‌ನ ಆಸುಪಾಸಿನ ಶಕ್ತಿ. ಇಡೀ ದಿನ ಉರಿದರೂ ಅರ್ಧ ಯೂನಿಟ್ ವಿದ್ಯುತ್ ಖರ್ಚಾಗುವುದಿಲ್ಲ.

ಪೆಟ್ಟಿಗೆಯ ಮೇಲೆ ಬರೆದಿರುವ ಒಂದು ಮಾತನ್ನು ಬಹಳ ಜನ ಸರಿಯಾಗಿ ಓದುವುದಿಲ್ಲ. ಮ್ಯಾಟ್ ಮಣ್ಣನ್ನು ಇಂತಿಷ್ಟೇ ಶಾಖಕ್ಕೆ ತರುತ್ತದೆ ಎಂದು ಕಂಪನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಕೋಣೆಯ ಶಾಖಕ್ಕಿಂತ 10ರಿಂದ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 5ರಿಂದ 11 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಿಸುತ್ತದೆ ಎಂದಷ್ಟೇ ಹೇಳುತ್ತವೆ. ಇಲ್ಲಿನ ಮನೆಗಳ ಬೇಸ್‌ಮೆಂಟ್ ಮಾರ್ಚ್‌ನಲ್ಲಿ 15 ಡಿಗ್ರಿ ಸೆಲ್ಸಿಯಸ್ ಇದ್ದರೆ ಮಣ್ಣು 20ರ ಹತ್ತಿರವೇ ನಿಂತುಬಿಡಬಹುದು. ಮೆಣಸಿನಕಾಯಿಗೆ ಬೇಕಾದದ್ದು 27ರಿಂದ 29 ಡಿಗ್ರಿ. ಹೀಗಾಗಿ ಅದೇ ಮ್ಯಾಟ್ ಒಬ್ಬರ ಅಡುಗೆಮನೆಯಲ್ಲಿ ಸೊಗಸಾಗಿ ಕೆಲಸ ಮಾಡಿ ಇನ್ನೊಬ್ಬರ ಬೇಸ್‌ಮೆಂಟ್‌ನಲ್ಲಿ ದಂಡ ಎನಿಸುತ್ತದೆ. ಸಿಮೆಂಟ್ ನೆಲದ ಮೇಲೆ ನೇರವಾಗಿ ಹಾಸಿದರೆ ಬಹಳಷ್ಟು ಶಾಖ ಕೆಳಕ್ಕೇ ಹೋಗುತ್ತದೆ. ಅಡಿಯಲ್ಲಿ ಒಂದು ಥರ್ಮೋಕೋಲ್ ಹಲಗೆ, ಟ್ರೇಯ ಮೇಲೆ ಪಾರದರ್ಶಕ ಮುಚ್ಚಳ ಇಟ್ಟರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಈ ಕೆಲವು ಡಿಗ್ರಿಗಳಿಗೆ ಇಷ್ಟು ಒದ್ದಾಡಬೇಕೆ ಎಂದು ಕೇಳುವವರಿಗೆ ಮೊಳಕೆಯ ಲೆಕ್ಕ ಉತ್ತರ ಕೊಡುತ್ತದೆ. ಮಣ್ಣು 15 ಡಿಗ್ರಿ ಇದ್ದಾಗ ಮೆಣಸಿನಕಾಯಿ ಬೀಜ ಮೊಳೆಯಲು ಮೂರು ವಾರಕ್ಕೂ ಹೆಚ್ಚು ಬೇಕು, 25 ಡಿಗ್ರಿಯಲ್ಲಿ ಸುಮಾರು ಎಂಟು ದಿನ ಸಾಕು. ಬದನೆ ಇನ್ನೂ ಹಟಮಾರಿ: 15 ಡಿಗ್ರಿಯಲ್ಲಿ ಅದು ಮೊಳೆಯುವುದೇ ಇಲ್ಲವೆನ್ನಬಹುದು, 30ಕ್ಕೆ ಬಂದರೆ ಐದಾರು ದಿನದಲ್ಲಿ ತಲೆ ಎತ್ತುತ್ತದೆ. ತಡವಾಗುವುದಷ್ಟೇ ನಷ್ಟವಲ್ಲ, ತಣ್ಣನೆಯ ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಕೂತ ಬೀಜ ಪಿಥಿಯಮ್‌ನಂತಹ ರೋಗಾಣುಗಳಿಗೆ ಸಿಕ್ಕಿ ಕೊಳೆಯುತ್ತದೆ, ಮೊಳೆತರೂ ಬುಡ ಕೊಳೆತು ಮಲಗುತ್ತದೆ. ಟೊಮೇಟೊ ಮಾತ್ರ ಇಷ್ಟು ಕಾಡಿಸುವುದಿಲ್ಲ, 20 ಡಿಗ್ರಿಯಲ್ಲಿಯೂ ವಾರದ ಮೇಲೊಂದು ದಿನಕ್ಕೆ ಹುಟ್ಟುತ್ತದೆ. ಅದೊಂದಕ್ಕಾಗಿ ಮ್ಯಾಟ್ ಕೊಳ್ಳಬೇಕಿಲ್ಲ.

ಮ್ಯಾಟ್‌ಗೆ ತನ್ನಷ್ಟಕ್ಕೆ ಆರುವ ಬುದ್ಧಿ ಇಲ್ಲ. ಬಿಸಿಲು ಬಿದ್ದು ಕೋಣೆ ಕಾದ ಮಧ್ಯಾಹ್ನವೂ ಅದು ಉರಿಯುತ್ತಲೇ ಇರುತ್ತದೆ, ಟ್ರೇಯಲ್ಲಿ ಮಣ್ಣಿನ ಬದಲು ತುಂಬುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಣಗಿ ಹುಡಿಯಾಗುತ್ತದೆ. ಆದ್ದರಿಂದ ಬೇಕಾದ ಶಾಖ ಬಂದಾಗ ಮ್ಯಾಟ್ ಅನ್ನು ತಾನೇ ಆರಿಸುವ, ಪ್ರತ್ಯೇಕವಾಗಿ ಮಾರುವ ಥರ್ಮೋಸ್ಟಾಟ್ ಅನ್ನು ನಾನು ಐಚ್ಛಿಕ ವಸ್ತುವೆಂದು ಪರಿಗಣಿಸುವುದಿಲ್ಲ. ಅದರ ಬೆಲೆ ಹೆಚ್ಚುಕಡಿಮೆ ಮ್ಯಾಟ್‌ನಷ್ಟೇ ಆಗುತ್ತದೆ ಎಂಬುದು ನಿಜ, ಆದರೆ ಎರಡನೆಯ ಮ್ಯಾಟ್ ಕೊಳ್ಳುವ ಮೊದಲು ಹಣ ಹಾಕಬೇಕಾದದ್ದು ಇದಕ್ಕೇ. ಶಾಖ ಅಳೆಯುವ ಅದರ ಕಡ್ಡಿಯನ್ನು ಬೀಜವಿರುವ ಆಳದಲ್ಲಿ ಮಣ್ಣಿಗೇ ಚುಚ್ಚಬೇಕು. ಮ್ಯಾಟ್‌ಗೆ ಅಂಟಿಸಿದರೆ ಪರದೆಯ ಮೇಲೆ ಕಾಣುವುದು ಮ್ಯಾಟ್‌ನ ಶಾಖವೇ ಹೊರತು ಬೀಜದ್ದಲ್ಲ.

ಮುಕ್ಕಾಲು ಪಾಲು ಬೀಜ ಮೊಳೆತ ಕೂಡಲೇ ಟ್ರೇಯನ್ನು ಮ್ಯಾಟ್‌ನಿಂದ ಇಳಿಸಿ, ಮುಚ್ಚಳ ತೆಗೆದು, ದೀಪದ ಕೆಳಗೆ ಇಡಬೇಕು ಎನ್ನುವುದನ್ನು ಕಂಪನಿಗಳು ಏಕೆ ದಪ್ಪ ಅಕ್ಷರದಲ್ಲಿ ಮುದ್ರಿಸುವುದಿಲ್ಲವೋ ತಿಳಿಯದು. ಅಡಿಯಿಂದ ಶಾಖ ಹೆಚ್ಚಾಗಿ ಮೇಲಿಂದ ಬೆಳಕು ಸಾಲದಿದ್ದರೆ ಸಸಿ ನೂಲಿನಂತೆ ಉದ್ದವಾಗಿ ಬಾಗುತ್ತದೆ. ಮೋಡ ಕವಿದ ಮಾರ್ಚ್‌ನಲ್ಲಿ ಕಿಟಕಿಯ ಬೆಳಕನ್ನು ನಂಬುವಂತಿಲ್ಲ; ದಿನಕ್ಕೆ 14ರಿಂದ 16 ಗಂಟೆ ಉರಿಯುವ ಸಾಮಾನ್ಯ ಎಲ್‌ಇಡಿ ಪಟ್ಟಿಯೊಂದನ್ನು ಸಸಿಗಳ ತಲೆಗೆ ಕೆಲವೇ ಇಂಚು ಎತ್ತರದಲ್ಲಿ ತೂಗುಹಾಕಿದರೆ ಸಾಕು.

ಎಲ್ಲ ಬೀಜಕ್ಕೂ ಈ ಮ್ಯಾಟ್ ಒಗ್ಗುವುದಿಲ್ಲ. ಪಾಲಕ್, ಕೊತ್ತಂಬರಿ, ಲೆಟ್ಯೂಸ್ ತಂಪನ್ನೇ ಬಯಸುವವು. ಲೆಟ್ಯೂಸ್ ಬೀಜವಂತೂ 30 ಡಿಗ್ರಿಯಲ್ಲಿ ಮೊಳೆಯಲು ನಿರಾಕರಿಸುತ್ತದೆ. ಇವನ್ನು ಏಪ್ರಿಲ್‌ನಲ್ಲಿ ನೇರವಾಗಿ ಹೊರಗಿನ ಮಡಿಗೆ ಹಾಕುವುದೇ ಸರಿ. ಬೆಂಡೆಗೆ ಮ್ಯಾಟ್‌ನ ಶಾಖ ಹಿತವಾದರೂ ತಾಯಿಬೇರು ಕದಲಿದರೆ ಅದು ಸೊರಗುವುದರಿಂದ, ಆಳದ ಕುಂಡಗಳಿಲ್ಲದಿದ್ದರೆ ನೆಲ ಬೆಚ್ಚಗಾಗುವವರೆಗೆ ಕಾಯುವುದು ಮೇಲು. ಬೀಜದ ವಿಷಯಕ್ಕೆ ಬಂದರೆ, ಸಸ್ಯ ಆರೋಗ್ಯ ಪ್ರಮಾಣಪತ್ರದಂತಹ ಕಾಗದಗಳಿಲ್ಲದೆ ಊರಿನಿಂದ ಸೂಟ್‌ಕೇಸಿನಲ್ಲಿ ಬೀಜ ತರಲು ಅಮೆರಿಕದ ನಿಯಮ ಒಪ್ಪುವುದಿಲ್ಲ. ಜ್ವಾಲಾ ಮೆಣಸಿನಕಾಯಿ, ಪೂಸಾ ಪರ್ಪಲ್ ಲಾಂಗ್ ಬದನೆಯಂತಹ ಭಾರತೀಯ ತಳಿಗಳು ಇಲ್ಲಿನ ಬೀಜ ವ್ಯಾಪಾರಿಗಳಲ್ಲೇ ದೊರೆಯುತ್ತವೆ.

ಬಾಳಿಕೆಯ ಬಗ್ಗೆ ದೂರಿಲ್ಲ, ಆದರೆ ಋತು ಮುಗಿದ ಮೇಲೆ ಮ್ಯಾಟ್ ಅನ್ನು ಮಡಚದೆ ಸಡಿಲವಾಗಿ ಸುತ್ತಿಡಬೇಕು, ಇಲ್ಲದಿದ್ದರೆ ಒಳಗಿನ ತಂತಿ ಮುರಿಯುತ್ತದೆ. ಮೇಲ್ಮೈಗೆ ನೀರು ತಾಗಿದರೆ ತೊಂದರೆಯಿಲ್ಲ. ಪ್ಲಗ್ ಮಾತ್ರ ನೀರು ಹರಿದು ಬಾರದ ಎತ್ತರದಲ್ಲಿರಲಿ. ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಇರುವ ಬಂಧುಗಳಿಗೆ ಒಂದನ್ನು ಒಯ್ಯೋಣವೆಂದು ಯೋಚಿಸುವವರು ಗಮನಿಸಬೇಕು: ಇದು 120 ವೋಲ್ಟ್‌ನ ಸಾಧನ, ಭಾರತದ 230 ವೋಲ್ಟ್‌ಗೆ ನೇರವಾಗಿ ಚುಚ್ಚಿದರೆ ಮೂರೂವರೆ ಪಟ್ಟಿಗೂ ಹೆಚ್ಚು ಶಕ್ತಿ ಎಳೆದು ಸುಟ್ಟುಹೋಗುತ್ತದೆ.