ಒಂದೇ ರಿಫ್, ಐದು ದಾರಿ: ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡ್ ಮಾಡಲು ಯಾವುದು ಸಾಕು?

ಗಿಟಾರಿನಲ್ಲಿ ಒಂದೇ ರಿಫ್, ಅಂದರೆ ಮತ್ತೆ ಮತ್ತೆ ಬರುವ ಒಂದು ಪುಟ್ಟ ಸ್ವರಗುಚ್ಛವನ್ನು, ಐದು ದಾರಿಯಲ್ಲಿ ರೆಕಾರ್ಡ್ ಮಾಡಿ, ಆ ಫೈಲುಗಳಿಗೆ ಅ, ಆ, ಇ, ಈ, ಉ ಅಂತ ಹೆಸರಿಟ್ಟು, ತಂಗಿಗೆ ಹೆಡ್‌ಫೋನ್ ಹಾಕಿ ಕೂರಿಸಿದೆ. ಅವಳು ವೀಣೆ ನುಡಿಸುವವಳು. ಎಲೆಕ್ಟ್ರಿಕ್ ಗಿಟಾರ್ ಅಂದರೆ ಅಷ್ಟಕ್ಕಷ್ಟೆ. ಯಾವ ಡಬ್ಬಿಗೆ ಎಷ್ಟು ದುಡ್ಡು ಅನ್ನುವುದು ಅವಳಿಗೆ ಗೊತ್ತಿಲ್ಲ. ತಂತಿ ಹೇಗೆ ಕೇಳಿಸಬೇಕು ಅನ್ನುವುದು ಚೆನ್ನಾಗಿ ಗೊತ್ತು. ನನಗೆ ಇಂಥ ಕಿವಿಯೇ ಬೇಕಿತ್ತು.

ಮೊದಲ ಫೈಲ್ ಶುರುವಾಗಿ ಹತ್ತು ಸೆಕೆಂಡ್ ಆಗಿರಲಿಲ್ಲ. "ಇದೇನೋ ಅಣ್ಣ, ಕಂಬಳಿ ಹೊದ್ದುಕೊಂಡು ನುಡಿಸಿದೆಯಾ?" ಅಂದಳು.

ಅದು 900 ರೂಪಾಯಿಯ ಕೇಬಲ್.

ನಾನು 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಬ್ಯಾಂಡ್ ಕೇಳಿ ಬಂದ ಮೇಲೆ ಗಿಟಾರ್ ಕೊಂಡವನು. ಸ್ಟ್ರ್ಯಾಟ್ ಮಾದರಿಯದು, ಅಗ್ಗದ್ದು, ಮೂರು ಸಿಂಗಲ್ ಕಾಯಿಲ್ ಪಿಕಪ್. ಹನುಮಂತನಗರದಲ್ಲಿ ಮೊದಲ ಮಹಡಿ ಬಾಡಿಗೆ ಮನೆ, ಕೆಳಗೆ ಓನರ್ ಅಂಕಲ್. ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡುವ ಸ್ಪೀಕರ್ ಡಬ್ಬಿ) ಜೋರು ಮಾಡುವ ಹಾಗಿಲ್ಲ. ಹಾಗಾಗಿ ಗಿಟಾರನ್ನು ಹೇಗಾದರೂ ಲ್ಯಾಪ್‌ಟಾಪ್ ಒಳಗೆ ತರಬೇಕಿತ್ತು. ಮೊದಲು ಹೋದದ್ದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ. (ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿಗಳ ಬಾಗಿಲು ಹಾಕಿರುತ್ತದೆ. ನಾನು ಹೋಗಿ ವಾಪಸ್ ಬಂದವನು.) ಅಲ್ಲಿ ಸಿಕ್ಕಿದ್ದೇ ಆ ಕೇಬಲ್: ಒಂದು ತುದಿಯಲ್ಲಿ ಗಿಟಾರಿನ 6.35 ಮಿಲಿಮೀಟರ್ ಜಾಕ್, ಇನ್ನೊಂದು ತುದಿಯಲ್ಲಿ ಯುಎಸ್‌ಬಿ. ಪೊಟ್ಟಣದ ಮೇಲೆ ಕಂಪನಿಯ ಹೆಸರೇ ಇಲ್ಲ. ಚುಚ್ಚಿದರೆ ಕೆಲಸ ಮಾಡುತ್ತದೆ ಅಂದರು. ಮಾಡಿತು ಕೂಡ, ಅದರ ಮಟ್ಟಿಗೆ.

ಕಂಬಳಿ ಎಲ್ಲಿಂದ ಬಂತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾವ ಡಬ್ಬಿ ಕೊಳ್ಳಬೇಕು ಅನ್ನುವುದು ಅರ್ಧ ಇಲ್ಲೇ ತೀರ್ಮಾನವಾಗುತ್ತದೆ. ಗಿಟಾರಿನ ಪಿಕಪ್ ಅಂದರೆ ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಅದರಿಂದ ಬರುವ ಸಿಗ್ನಲ್ ತುಂಬಾ ಸೂಕ್ಷ್ಮ. ಅದನ್ನು ತೆಗೆದುಕೊಳ್ಳುವ ಇನ್‌ಪುಟ್ ಸುಮಾರು 1 ಮೆಗಾಓಮ್ ಇಂಪಿಡೆನ್ಸ್‌ನದಾಗಿರಬೇಕು (ಇಂಪಿಡೆನ್ಸ್ ಅಂದರೆ ಸಿಗ್ನಲ್ಲಿಗೆ ಒಡ್ಡುವ ತಡೆ). ಸಾಮಾನ್ಯ ಲೈನ್ ಇನ್‌ಪುಟ್ 10 ಕಿಲೋಓಮ್ ಆಸುಪಾಸಿನಲ್ಲಿರುತ್ತದೆ, ಅಂದರೆ ನೂರನೇ ಒಂದು ಪಾಲು. ಅಂಥದ್ದಕ್ಕೆ ಗಿಟಾರ್ ಚುಚ್ಚಿದರೆ ಮೊದಲು ಸಾಯುವುದು ಮೇಲಿನ ಸ್ವರಗಳ ಹೊಳಪು, ಪಿಕ್ ತಂತಿಗೆ ತಾಗುವ ಆ 'ಟಿಂಗ್'. ಆಮೇಲೆ ಸಾಫ್ಟ್‌ವೇರಿನಲ್ಲಿ ಟ್ರೆಬಲ್ ಎಷ್ಟು ಎತ್ತಿದರೂ ಅದು ಬರುವುದಿಲ್ಲ. ಬರುವುದು ಬರೀ ಸುಯ್ ಅನ್ನುವ ಸದ್ದು.

ಇದನ್ನು ಹೇಳಿದಾಗ ತಂಗಿಗೆ ತನ್ನ ವೀಣೆಯ ಕಾಂಟ್ಯಾಕ್ಟ್ ಮೈಕ್ ನೆನಪಾಯಿತು. ಒಂದು ಕಾರ್ಯಕ್ರಮದಲ್ಲಿ ಅವಳ ಮಂದ್ರ ಸ್ಥಾಯಿಯೇ ಕೇಳಿಸಿರಲಿಲ್ಲ, ತಗಡು ಬಡಿದ ಹಾಗಿತ್ತಂತೆ. ರೋಗದ ಮೂಲ ಒಂದೇ, ಲಕ್ಷಣ ಮಾತ್ರ ಉಲ್ಟಾ. ಅವಳದು ಪೀಜೋ ಪಿಕಪ್, ಅಂದರೆ ವೀಣೆಯ ಮೈಯ ಕಂಪನವನ್ನೇ ಹಿಡಿಯುವಂಥದ್ದು. ಇಂಪಿಡೆನ್ಸ್ ಕಡಿಮೆ ಇರುವ ಇನ್‌ಪುಟ್‌ಗೆ ಕೊಟ್ಟರೆ ಗಿಟಾರಿನ ಪಿಕಪ್ ಟ್ರೆಬಲ್ ಕಳೆದುಕೊಳ್ಳುತ್ತದೆ, ಪೀಜೋ ಬೇಸ್ ಕಳೆದುಕೊಳ್ಳುತ್ತದೆ. "ಹಾಗಾದರೆ ಆವತ್ತು ನನ್ನ ತಪ್ಪಲ್ಲ" ಅಂದಳು. ಅಲ್ಲ.

ಎರಡನೆಯದು 4,500 ರೂಪಾಯಿಯ ಪುಟ್ಟ ಇಂಟರ್‌ಫೇಸ್, ಅಂದರೆ ಗಿಟಾರ್ ಅಥವಾ ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ದಾಟಿಸುವ ಡಬ್ಬಿ. ಹೆಸರು ಬೇಡ. ಒಂದು ಮೈಕ್ ಇನ್‌ಪುಟ್, ಒಂದು ಗಿಟಾರ್ ಇನ್‌ಪುಟ್, ಮೂರು ನಾಬ್. ಮೂರನೆಯದೂ ಇಂಟರ್‌ಫೇಸೇ, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ, ಮೂರನೇ ತಲೆಮಾರಿನದು, ಸೆಕೆಂಡ್ ಹ್ಯಾಂಡ್. ಈ ಎರಡು ಫೈಲುಗಳನ್ನು ತಂಗಿ ಮತ್ತೆ ಮತ್ತೆ ಕೇಳಿದಳು. ಕಣ್ಣು ಮುಚ್ಚಿ ಕೇಳಿದಳು. ಕೊನೆಗೆ "ನನ್ನನ್ನು ಮಂಗ ಮಾಡುತ್ತಿದ್ದೀಯಾ? ಎರಡೂ ಒಂದೇ ಅಲ್ವಾ?" ಅಂದಳು.

ನಿಜ ಹೇಳಬೇಕೆಂದರೆ, ಹೆಸರು ಮುಚ್ಚಿಟ್ಟರೆ ನನಗೂ ಗೊತ್ತಾಗುವುದಿಲ್ಲ. ಎರಡರಲ್ಲೂ ಗಿಟಾರಿಗೆ ಬೇಕಾದ ಇನ್‌ಪುಟ್ ಇದೆ. ಸದ್ದಿನ ಮಟ್ಟ ಸಮ ಮಾಡಿದ್ದೆ. ಇದು ಮುಖ್ಯ, ಸ್ವಲ್ಪ ಜೋರಾಗಿರುವುದೇ ನಮ್ಮ ಕಿವಿಗೆ ಚೆಂದ ಅನ್ನಿಸುತ್ತದೆ. ಡಿಸ್ಟಾರ್ಷನ್ (ರಾಕ್ ಗಿಟಾರಿನ ಆ ಒರಟು ಸದ್ದು) ಭಾಗಕ್ಕೂ ಆಂಪಿನ ಸದ್ದನ್ನು ನಕಲು ಮಾಡುವ ಒಂದೇ ಸಾಫ್ಟ್‌ವೇರ್. ಹಾಗಿರುವಾಗ ವ್ಯತ್ಯಾಸ ಎಲ್ಲಿಂದ ಬರಬೇಕು? ಡಬ್ಬದ ಮೇಲೆ 192 ಕಿಲೋಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಾವಿರ ಸಲ ಸದ್ದನ್ನು ಅಳೆಯುತ್ತದೆ ಅನ್ನುವ ಲೆಕ್ಕ) ಅಂತ ದಪ್ಪ ಅಕ್ಷರದಲ್ಲಿ ಬರೆದಿರುವುದಕ್ಕೆ ಮರುಳಾಗಬೇಡಿ. ಗಿಟಾರ್ ಆಂಪಿನ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲೆ ಕೈ ಚೆಲ್ಲಿಬಿಡುತ್ತದೆ. ನಾನು ಎಲ್ಲವನ್ನೂ 48ರಲ್ಲೇ ಮಾಡಿದೆ, 24 ಬಿಟ್.

ಹಾಗಾದರೆ ಸೋಲೊಗೆ ಹೆಚ್ಚು ದುಡ್ಡು ಕೊಟ್ಟದ್ದು ದಂಡವಾ? ಅಲ್ಲ. ಆ ದುಡ್ಡು ಹೋದದ್ದು ಕೇಳುವವರ ಕಿವಿಗಲ್ಲ, ನುಡಿಸುವವನ ಬೆರಳಿಗೆ.

ಪುಟ್ಟ ಇಂಟರ್‌ಫೇಸ್‌ಗೆ ಅದರ ಕಂಪನಿ ಸ್ವಂತ ಏಸಿಯೊ ಡ್ರೈವರ್ ಕೊಟ್ಟಿರಲಿಲ್ಲ. ಏಸಿಯೊ ಅಂದರೆ ವಿಂಡೋಸ್‌ನ ಮಾಮೂಲಿ ಸುತ್ತುದಾರಿ ಬಿಟ್ಟು ಸಾಫ್ಟ್‌ವೇರ್ ಮತ್ತು ಡಬ್ಬಿ ನೇರವಾಗಿ ಮಾತಾಡಿಕೊಳ್ಳುವ ದಾರಿ. ಸ್ವಂತದ್ದು ಇಲ್ಲದಿದ್ದರೆ ಎಲ್ಲಕ್ಕೂ ಹೊಂದುವ ಉಚಿತ ಡ್ರೈವರ್ ಒಂದನ್ನು ಹಾಕಿಕೊಳ್ಳಬೇಕು. ಹಾಕಿಕೊಂಡೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಬಫರ್ (ಸದ್ದನ್ನು ಎಷ್ಟೆಷ್ಟು ತುಂಡಾಗಿ ತುಂಬಿ ಕಳಿಸಬೇಕು ಅನ್ನುವ ಅಳತೆ) 256ಕ್ಕೆ ಇಳಿಸಿದರೆ ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಪಟಪಟ. 512ಕ್ಕೆ ಏರಿಸಿದರೆ ಸರಿಹೋಯಿತು, ಆದರೆ ತಂತಿ ಮೀಟಿದ ಮೇಲೆ ಸದ್ದು ಬರುವುದು ತಡ.

ಎಷ್ಟು ತಡ ಅಂತ ಅಳೆಯುವುದು ಸುಲಭ. ಇಂಟರ್‌ಫೇಸಿನ ಔಟ್‌ಪುಟ್ಟನ್ನು ಒಂದು ಕೇಬಲಿನಲ್ಲಿ ಅದರದೇ ಇನ್‌ಪುಟ್‌ಗೆ ಕೊಡಿ. ಮೆಟ್ರೊನೋಮಿನ ಒಂದು 'ಟಕ್' ಕಳಿಸಿ, ವಾಪಸ್ ಬಂದದ್ದನ್ನು ರೆಕಾರ್ಡ್ ಮಾಡಿ, ಎರಡರ ನಡುವಿನ ಅಂತರ ನೋಡಿ. ಅಳೆಯುವಾಗ ಸಾಫ್ಟ್‌ವೇರಿನ ತಾನಾಗಿ ಸರಿಪಡಿಸುವ ಸೆಟ್ಟಿಂಗ್ ಆಫ್ ಇರಲಿ. ನನಗೆ ಪುಟ್ಟ ಡಬ್ಬಿಯಲ್ಲಿ ಸುಮಾರು 30 ಮಿಲಿಸೆಕೆಂಡ್ ಬಂತು. ಸೋಲೊದಲ್ಲಿ ಅದರದೇ ಡ್ರೈವರ್, ಬಫರ್ 128, ಸುಮಾರು 11. ಕೇಬಲ್ಲಿಗೆ ಔಟ್‌ಪುಟ್ಟೇ ಇಲ್ಲ, ಹಾಗಾಗಿ ಹೀಗೆ ಅಳೆಯಲು ಆಗಲಿಲ್ಲ. ಅಳೆಯುವ ಅಗತ್ಯವೂ ಇರಲಿಲ್ಲ, ಒಂದು ಸ್ವರ ಮೀಟಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಬರುತ್ತಿತ್ತು.

ಗಾಳಿಯಲ್ಲಿ ಸದ್ದು 3 ಮಿಲಿಸೆಕೆಂಡಿಗೆ ಸುಮಾರು ಒಂದು ಮೀಟರ್ ಹೋಗುತ್ತದೆ. ಅಂದರೆ 11 ಮಿಲಿಸೆಕೆಂಡ್ ಅಂದರೆ ಆಂಪ್ ಹಾಲಿನ ಆ ಮೂಲೆಯಲ್ಲಿದೆ, ನೀವು ಈ ಮೂಲೆಯಲ್ಲಿ ಕೂತಿದ್ದೀರಿ ಅಂತ. ಯಾರಿಗೂ ತೊಂದರೆಯಿಲ್ಲ. 30 ಅಂದರೆ ಆಂಪ್ ಎದುರುಮನೆಯ ಬಾಲ್ಕನಿಯಲ್ಲಿದೆ. ನಿಧಾನಕ್ಕೆ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಾಕಿದರೆ ನಡೆಯುತ್ತದೆ. ಜೋರಾಗಿ ರಿಫ್ ಹೊಡೆಯುವಾಗ ಕೈ ತಾಳವನ್ನು ಹುಡುಕಿಕೊಂಡು ಹೋಗುತ್ತದೆ. ತಂಗಿಗೆ ಒಂದೇ ಥರ ಕೇಳಿಸಿದ ಆ ಎರಡು ಫೈಲುಗಳ ಪೈಕಿ ಪುಟ್ಟ ಡಬ್ಬಿಯದಕ್ಕೆ ನಾನು ಹದಿನಾಲ್ಕು ಟೇಕ್ ತೆಗೆದುಕೊಂಡಿದ್ದೆ, ಸೋಲೊದಕ್ಕೆ ಮೂರು.

ಸೋಲೊ ಇಟ್ಟುಕೊಂಡವರಿಗೆ ಒಂದು ಮಾತು. ಇನ್‌ಸ್ಟ್ ಅನ್ನುವ ಬಟನ್ ಒತ್ತಿದ್ದೀರಾ ನೋಡಿ. ಒತ್ತದಿದ್ದರೆ ಅದು ಲೈನ್ ಇನ್‌ಪುಟ್, ಮತ್ತದೇ ಕಂಬಳಿ. ನಾನು ಎರಡು ವಾರ ಒತ್ತದೆಯೇ ನುಡಿಸಿ, ಪಿಕಪ್ ಹಾಳಾಗಿದೆ ಅಂದುಕೊಂಡಿದ್ದೆ. ಗೇನ್, ಅಂದರೆ ಒಳಗೆ ಬರುವ ಸಿಗ್ನಲ್ಲನ್ನು ಎಷ್ಟು ಏರಿಸುವುದು, ಆ ವಿಷಯದಲ್ಲೂ ಆಸೆ ಬೇಡ. ಜೋರಾಗಿ ಹೊಡೆದಾಗ ಮೀಟರ್ -12 ಡೆಸಿಬೆಲ್ ಸುತ್ತ ಇದ್ದರೆ ಸಾಕು. ಕೆಂಪು ದೀಪ ಬಂದರೆ ಆ ಟೇಕ್ ಕಸಕ್ಕೆ.

ನಾಲ್ಕನೆಯದು ಹಳೇ ದಾರಿ. ನನ್ನ 10 ವಾಟ್ ಪ್ರಾಕ್ಟೀಸ್ ಆಂಪ್ ಮುಂದೆ ಶೂರ್ ಎಸ್‌ಎಂ57 ಮೈಕ್, ಅಲ್ಲಿಂದ ಸೋಲೊ. ಮೈಕ್ ಗೆಳೆಯನದು. 1965ರಿಂದ ಹೆಚ್ಚು ಬದಲಾಗದೆ ಬಂದಿರುವ ಮೈಕ್ ಇದು, ಸ್ಟುಡಿಯೋಗಳಲ್ಲಿ ಗಿಟಾರ್ ಆಂಪ್ ಮುಂದೆ ಇದನ್ನೇ ಇಡುವುದು ರೂಢಿ. ಆಂಪಿನ ಮುಂದಿನ ಬಟ್ಟೆಯಿಂದ ಒಂದಿಂಚು ದೂರ ಇಟ್ಟು, ಸ್ಪೀಕರಿನ ನಡುಮಧ್ಯಕ್ಕೆ ತಿರುಗಿಸಿದರೆ ಚೂಪು, ಅಂಚಿಗೆ ಸರಿಸಿದರೆ ಮೃದು. ಎರಡು ಬೆರಳಿನಷ್ಟು ಸರಿಸುವುದರಲ್ಲಿ ಇಡೀ ಸದ್ದು ಬದಲಾಗುತ್ತದೆ. ಈ ಆಟಕ್ಕೆ ಬಿದ್ದರೆ ಮಧ್ಯಾಹ್ನದ ಊಟ ಮರೆತುಹೋಗುತ್ತದೆ.

ತಂಗಿಗೆ ಇದು ತುಂಬಾ ಹಿಡಿಸಿತು. "ಇದರಲ್ಲಿ ರೂಮಿದೆ" ಅಂದಳು. ಆಮೇಲೆ ಹೆಡ್‌ಫೋನ್ ಒತ್ತಿ ಹಿಡಿದು, "ಹಳೇ ಪೇಪರ್ ಹಳೇ ಕಬ್ಬಿಣವೂ ಇದೆ" ಅಂದಳು. ಹೌದು, ಗಾಡಿಯವನ ಸ್ಪೀಕರ್ ತಾಳದ ಆರನೇ ಸುತ್ತಿನಲ್ಲಿ ಬಂದು ಕೂತಿದೆ. ಎಸ್‌ಎಂ57 ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕ್, ಆದರೂ ಓನರ್ ಅಂಕಲ್‌ಗೆ ಹೆದರಿ ಆಂಪ್ ಸಣ್ಣಗೆ ಇಟ್ಟರೆ ಮೈಕ್ ಗೇನ್ ಏರಿಸಲೇಬೇಕು. ಗೇನ್ ಏರಿಸಿದರೆ ಕುಕ್ಕರಿನ ವಿಸಿಲ್, ಆಟೋ ಹಾರ್ನ್, ಸೊಪ್ಪಿನವಳ ಕೂಗು ಎಲ್ಲವೂ ಬ್ಯಾಂಡಿನ ಸದಸ್ಯರೇ. ಸ್ವಂತ ಮನೆ, ಒಂದು ಮೂಲೆಯ ರೂಮು ಇರುವವರು ಈ ದಾರಿ ಹಿಡಿಯಲಿ. ಮೈಕ್, ಸ್ಟ್ಯಾಂಡ್, ಕೇಬಲ್ ಸೇರಿದರೆ ಇಂಟರ್‌ಫೇಸಿನಷ್ಟೇ ಮತ್ತೊಮ್ಮೆ ಖರ್ಚು ಅನ್ನುವುದೂ ನೆನಪಿರಲಿ.

ಐದನೆಯದು ಅದೇ ಗೆಳೆಯ ಒಂದು ವಾರಾಂತ್ಯಕ್ಕೆ ಕೊಟ್ಟ ಬಾಸ್ ಕಟಾನಾ 50 ಅನ್ನುವ ಆಂಪ್. ಆಂಪಿನ ಬೆನ್ನಲ್ಲೇ ಯುಎಸ್‌ಬಿ ಇದೆ. ಡ್ರೈವರ್ ಹಾಕಿ ಲ್ಯಾಪ್‌ಟಾಪಿಗೆ ಚುಚ್ಚಿದರೆ ಆಂಪ್, ಸ್ಪೀಕರ್, ಎಫೆಕ್ಟ್ ಎಲ್ಲ ಸೇರಿದ ಸಿದ್ಧ ಸದ್ದು ಒಳಗೆ ಬರುತ್ತದೆ. ಪವರ್ ಅರ್ಧ ವಾಟಿಗೆ ಇಳಿಸಬಹುದು, ಓನರ್ ಅಂಕಲ್ ನಿದ್ದೆಗೆ ಭಂಗವಿಲ್ಲ. ತಂಗಿ ಒಂದನೇ ರ‍್ಯಾಂಕ್ ಕೊಟ್ಟದ್ದು ಇದಕ್ಕೇ. ಒಂದೇ ಕೊರತೆ, ನಾನು ರೆಕಾರ್ಡ್ ಮಾಡಿಕೊಂಡದ್ದು ಬೇಯಿಸಿದ ಅನ್ನ. ಮಾರನೇ ದಿನ ಡಿಸ್ಟಾರ್ಷನ್ ಜಾಸ್ತಿಯಾಯಿತು ಅನ್ನಿಸಿದರೆ ಮತ್ತೆ ನುಡಿಸಬೇಕು. ಸೋಲೊದಲ್ಲಿ ಬರುವುದು ಅಕ್ಕಿ, ಅಂದರೆ ಆಂಪ್, ಎಫೆಕ್ಟ್ ಏನೂ ಸೇರದ ಬರೀ ಗಿಟಾರಿನ ಸದ್ದು. ಒಂದು ತಿಂಗಳು ಬಿಟ್ಟು ಬೇಕಾದರೂ ಆಂಪ್ ಬದಲಿಸಬಹುದು.

ಅಕ್ಕಿ ಬೇಯಿಸುವ ಪಾತ್ರೆಗೆ ದುಡ್ಡು ಸುರಿಯಬೇಕಾಗಿಲ್ಲ. ರೆಕಾರ್ಡಿಂಗಿಗೆ ರೀಪರ್ ಅನ್ನುವ ಸಾಫ್ಟ್‌ವೇರನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ, ಅದರೊಳಗೇ ಆಂಪ್‌ಗಳಿವೆ. ಆಂಪ್ ಸದ್ದಿಗೆ ನಾನು ನ್ಯೂರಲ್ ಆಂಪ್ ಮಾಡೆಲರ್ ಹಾಕಿದೆ, ಅದೂ ಉಚಿತ. ಅದರ ಜೊತೆ ಸ್ಪೀಕರ್ ಡಬ್ಬಿಯ ನಕಲು, ಅಂದರೆ ಇಂಪಲ್ಸ್ ರೆಸ್ಪಾನ್ಸ್ ಫೈಲ್, ಹಾಕುವುದನ್ನು ಮರೆಯಬೇಡಿ. ಮರೆತರೆ ಡಿಸ್ಟಾರ್ಷನ್ ಜೀರುಂಡೆ ಕೂಗಿದ ಹಾಗೆ ಕೇಳಿಸುತ್ತದೆ. ಬಹಳ ಜನ ಅಲ್ಲೇ ಬೇಸತ್ತು ಇಂಟರ್‌ಫೇಸ್ ಬೈಯ್ಯುತ್ತಾರೆ.

ಇನ್ನು ಗುಂಯ್ ಸದ್ದು. ಯಾವ ಡಬ್ಬಿ ಕೊಂಡರೂ ಇದು ಬಿಡುವುದಿಲ್ಲ. ಸಿಂಗಲ್ ಕಾಯಿಲ್ ಪಿಕಪ್ ಅಂದರೆ ಒಂದು ಆಂಟೆನಾ, ಮನೆಯ ವೈರಿಂಗಿನ 50 ಹರ್ಟ್ಸ್ ಅದರೊಳಗೆ ಹಾಡುತ್ತದೆ. ಲ್ಯಾಪ್‌ಟಾಪಿನಿಂದ ಒಂದು ಮೀಟರ್ ದೂರ ಕೂತು, ಕುರ್ಚಿಯನ್ನು ನಿಧಾನಕ್ಕೆ ತಿರುಗಿಸುತ್ತಾ ಬನ್ನಿ. ಒಂದು ದಿಕ್ಕಿನಲ್ಲಿ ಗುಂಯ್ ತಟ್ಟನೆ ಇಳಿಯುತ್ತದೆ. ನನ್ನ ಮನೆಯಲ್ಲಿ ಅದು ದೇವರಮನೆಯ ಕಡೆಗೆ ಮುಖ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿದರೆ ಇನ್ನೂ ಕಡಿಮೆ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಮನೆ ನಡೆಯುವಾಗ ಮಾತ್ರ ಸುಮ್ನೆ ಗಿಟಾರ್ ಕೆಳಗಿಡಿ. ಸ್ಕ್ವೇರ್ ವೇವ್ ಯುಪಿಎಸ್ ಆದರಂತೂ ಜೇನುಗೂಡು ಕೆದಕಿದ ಹಾಗೆ. ಒಂದು ಎಚ್ಚರಿಕೆ: ಗುಂಯ್ ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ತೆಗೆಯಬೇಡಿ. ಅರ್ಥ್ ಇಲ್ಲದ ಆಂಪ್, ಕೈಯಲ್ಲಿ ಲೋಹದ ತಂತಿ, ಅದು ಪ್ರಾಣದ ವಿಷಯ.

ಯಾರಿಗೆ ಯಾವುದು? ಕೇಬಲ್ ಯಾರಿಗೂ ಬೇಡ. ಕೈಯಲ್ಲಿ ಐದು ಸಾವಿರವೇ ಇದ್ದರೆ ಗಿಟಾರ್ ಇನ್‌ಪುಟ್ ಇರುವ ಪುಟ್ಟ ಇಂಟರ್‌ಫೇಸ್ ತೆಗೆದುಕೊಳ್ಳಿ, ಆದರೆ ಸ್ವಂತ ಡ್ರೈವರ್ ಇದೆಯಾ ಅಂತ ಕಂಪನಿಯ ತಾಣದಲ್ಲಿ ಮೊದಲೇ ನೋಡಿ. ಮ್ಯಾಕ್ ಇರುವವರಿಗೆ ಈ ತಲೆನೋವು ಇಲ್ಲ, ಅದರ ಸ್ವಂತ ವ್ಯವಸ್ಥೆಯೇ ಚೆನ್ನಾಗಿದೆ. ಆಂಪೇ ಇಲ್ಲದೆ ಈಗಷ್ಟೇ ಶುರು ಮಾಡುವವರು ಯುಎಸ್‌ಬಿ ಇರುವ ಆಂಪ್ ಕೊಂಡರೆ ಅಭ್ಯಾಸಕ್ಕೂ ಆಯಿತು, ರೆಕಾರ್ಡಿಂಗಿಗೂ ಆಯಿತು. ನಾನು ಇಟ್ಟುಕೊಂಡದ್ದು ಸೋಲೊ. ಪುಟ್ಟ ಡಬ್ಬಿ ತಂಗಿಯ ಪಾಲಾಯಿತು, ವೀಣೆಗೆ. ಅವಳು ಸಾಫ್ಟ್‌ವೇರಿನ ಮೂಲಕ ಕೇಳಿಕೊಂಡು ನುಡಿಸುವವಳಲ್ಲ, ತಡ ಆದರೆ ಅವಳಿಗೇನು?

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲ್ಯಾಪ್‌ಟಾಪ್, ಹೆಡ್‌ಫೋನ್, ಗಿಟಾರ್ ಮೂರೂ ಹೊತ್ತುಕೊಂಡೇ ಹೋಗಿ. ಯುಎಸ್‌ಬಿ ಪಿನ್ ಸ್ವಲ್ಪ ಅಲ್ಲಾಡಿಸಿ, ಸಂಪರ್ಕ ತಪ್ಪುತ್ತದಾ ನೋಡಿ. ಪ್ರತಿ ನಾಬನ್ನೂ ತಿರುಗಿಸಿ, ಕರಕರ ಅನ್ನುತ್ತದಾ ಕೇಳಿ. ನಾನು ನ್ಯಾಷನಲ್ ಕಾಲೇಜ್ ಮೆಟ್ರೊ ನಿಲ್ದಾಣದ ಹೊರಗೆ, ಕಟ್ಟೆಯ ಮೇಲೆ ಕೂತು ಇಷ್ಟನ್ನೂ ಮಾಡಿದೆ. ಹುಡುಗ 8,000 ಹೇಳಿದ್ದ. ಎಲ್ಲ ಸರಿಯಾಗಿತ್ತು, ಡಬ್ಬ ಮಾತ್ರ ಇರಲಿಲ್ಲ. ಅದಕ್ಕೆ 500 ಇಳಿಸಿದ. ಆ 500ಕ್ಕೆ ಒಂದು ಹೊಸ ತಂತಿ ಸೆಟ್ ಬಂತು. ಅ ಇಂದ ಉ ತನಕ ಐದೂ ಫೈಲ್ ನುಡಿಸಿದ್ದು ಅದೇ ತಂತಿಯಲ್ಲಿ.