ದವಡೆ ಮರಗಟ್ಟಿರುವಾಗ ಓಟಿಪಿ ಕೇಳಿದರೆ ಕೊಡಬೇಡಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಬಿಲ್ಲಿನಲ್ಲಿ ಎರಡು ರೂಪಾಯಿ ಜಾಸ್ತಿ ಬಿದ್ದರೂ ಹಿಡಿಯುತ್ತೇನೆ. ಅಂಥವಳು ಒಂದು ಹಲ್ಲು ತೋರಿಸೋಕೆ ಹೋಗಿ 46,500 ರೂಪಾಯಿ ಸಾಲ ಮಾಡಿಕೊಂಡು ಬಂದೆ. ಹೌದು, ಒಂದು ಹಲ್ಲಿಗೆ.

ಬಲಗಡೆ ಕೆಳದವಡೆ. ಮೂರು ರಾತ್ರಿ ಲವಂಗ ಕಚ್ಚಿಕೊಂಡು ಮಲಗಿದ್ದೆ. ನಮ್ಮ ಅಂಗಡಿಯಲ್ಲಿ ಕೆಲಸದವರು ನಾಲ್ಕೇ ಜನ, ಇಎಸ್‌ಐ ಇಲ್ಲ. ಮನೆಯವರು ಮಾಡಿಸಿದ ಹೆಲ್ತ್ ಪಾಲಿಸಿ ಇದೆಯಲ್ಲ ಅಂತ ಏಜೆಂಟ್‌ಗೆ ಫೋನ್ ಮಾಡಿದೆ. "ಅಕ್ಕಾ, ಹಲ್ಲಿಗೆಲ್ಲ ಬರಲ್ಲ, ಆಕ್ಸಿಡೆಂಟ್ ಆಗಿ ಹಲ್ಲು ಮುರಿದರೆ ನೋಡೋಣ" ಅಂದ. ಹಲ್ಲುನೋವಿಗೆ ನಾನು ಸ್ಕೂಟರಿಂದ ಬೀಳಬೇಕಾ? ಆಗ ಕಣ್ಣಿಗೆ ಬಿದ್ದಿದ್ದು ಮನೆ ಹತ್ತಿರದ ಕ್ಲಿನಿಕ್ ಬೋರ್ಡು. ರೂಟ್ ಕೆನಾಲ್ 1,999 ರೂಪಾಯಿಯಿಂದ, ತಪಾಸಣೆ ಮತ್ತು ಎಕ್ಸ್‌ರೇ ಉಚಿತ. ಗಾಜಿನ ಬಾಗಿಲು, ಎಸಿ, ಕುಡಿಯೋಕೆ ಗ್ರೀನ್ ಟೀ. ಹೆಸರು ಬರೆಯಲ್ಲ. ಇಂಥ ಬೋರ್ಡು ನಿಮ್ಮ ಏರಿಯಾದಲ್ಲೂ ಇರುತ್ತೆ.

ಹೋದ ಕೂಡಲೇ ಫೈಲಿಗೆ ಅಂತ ಆಧಾರ್, ಪ್ಯಾನ್ ಎರಡರ ಫೋಟೋ ತೆಗೆದುಕೊಂಡರು. ಹಲ್ಲು ನೋಡೋಕೆ ಪ್ಯಾನ್ ಕಾರ್ಡ್ ಯಾಕೆ ಅಂತ ಆಗ ಹೊಳೆಯಲೇ ಇಲ್ಲ. ಆಮೇಲೆ ಬಾಯೊಳಗೆ ಪೆನ್ನಿನಂಥ ಕ್ಯಾಮೆರಾ ಇಟ್ಟು ಎದುರಿನ ಟಿವಿಯಲ್ಲಿ ತೋರಿಸಿದರು. ಒಂದೊಂದು ಹಲ್ಲೂ ಇಡ್ಲಿಯಷ್ಟು, ಮೇಲೆ ಕಪ್ಪು ಗೆರೆಗಳು. "ನೋಡಿ ಮೇಡಂ, ಇಲ್ಲೆಲ್ಲಾ ಹುಳುಕು." ಆ ಸೈಜಲ್ಲಿ ಯಾರ ಹಲ್ಲು ನೋಡಿದರೂ ಭಯ ಆಗುತ್ತೆ, ಅಲ್ವಾ? ಆದರೂ ಹೇಳಿದೆ, ನೋವಿರೋದು ಒಂದು ಮಾಡಿ ಸಾಕು ಅಂತ. "ಆಯ್ತು ಮೇಡಂ" ಅಂದರು. ಇಂಜೆಕ್ಷನ್ ಕೊಟ್ಟರು, ಕೊರೆಯೋಕೆ ಶುರು ಮಾಡಿದರು.

ಮುಂದಿನದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಹಲ್ಲು ತೆರೆದಿಟ್ಟು ಡಾಕ್ಟರ್ ಆಚೆ ಹೋದರು. ಒಳಗೆ ಬಂದಿದ್ದು ರಿಸೆಪ್ಷನ್ ಹುಡುಗಿ, ಕೈಯಲ್ಲಿ ಟ್ಯಾಬ್. ನಾನು ಅಂಗಾತ ಮಲಗಿದ್ದೇನೆ, ಕುತ್ತಿಗೆಗೆ ನೀಲಿ ಪೇಪರ್ ಕಟ್ಟಿದ್ದಾರೆ, ಬಾಯಿ ತುದಿಯಿಂದ ಜೊಲ್ಲು ಇಳಿಯುತ್ತಿದೆ. "ಆ 1,999 ಮುಂದಿನ ಹಲ್ಲಿಗೆ ಮೇಡಂ, ಅದಕ್ಕೆ ಒಂದೇ ಬೇರು. ನಿಮ್ಮದು ದವಡೆ ಹಲ್ಲು, ಮೂರು ಕೆನಾಲ್ ಇದೆ. ಎಲ್ಲಾ ಸೇರಿಸಿ ಪ್ಯಾಕೇಜ್ ಮಾಡಿದ್ದೀವಿ." ಕೊರೆಯೋಕೆ ಮುಂಚೆ ಹೇಳೋಕೆ ಏನಾಗಿತ್ತು ಅಂತ ಕೇಳಬೇಕು ಅಂದುಕೊಂಡೆ. ಬಾಯಿಂದ ಬರೀ ಗೊಳಗೊಳ ಅನ್ನೋ ಸದ್ದು ಬಂತು. "ಓಪನ್ ಮಾಡಿ ಆಗಿದೆ ಮೇಡಂ, ಹೀಗೇ ಬಿಟ್ಟರೆ ಇನ್ಫೆಕ್ಷನ್ ಆಗುತ್ತೆ. ತಿಂಗಳಿಗೆ ಬರೀ 3,875, ಬಡ್ಡಿ ಇಲ್ಲ. ಒಂದು ಓಟಿಪಿ ಬಂದಿರುತ್ತೆ, ಹೇಳಿ."

ಹೇಳೋಕೆ ತುಟಿ ಎಲ್ಲಿತ್ತು? ಫೋನನ್ನೇ ಅವಳ ಕಡೆ ತಿರುಗಿಸಿದೆ. ನಾನೇ ತಿರುಗಿಸಿದೆ. ಯಾರೂ ಕಿತ್ತುಕೊಳ್ಳಲಿಲ್ಲ.

ಆ ಓಟಿಪಿಯಿಂದಲೇ ಒಂದು ಫೈನಾನ್ಸ್ ಕಂಪನಿಯ ಆ್ಯಪ್ ಸಾಲ ನನ್ನ ಹೆಸರಿಗೆ ಬಿತ್ತು. ರಾತ್ರಿ ಬಿಲ್ ತೆಗೆದು ನೋಡಿದೆ. ಹಲ್ಲಿಗೂ ನಂಬರ್ ಇರುತ್ತೆ. 46 ನನ್ನ ನೋವಿನ ಹಲ್ಲು. 36 ಅಂದರೆ ಎಡಗಡೆ ಅದೇ ಜಾಗದ್ದು. ಅದು ಒಂದು ದಿನವೂ ನೋವು ಕೊಟ್ಟಿಲ್ಲ. ಎರಡಕ್ಕೂ ತಲಾ ರೂಟ್ ಕೆನಾಲ್ 6,500, ಜಿರ್ಕೋನಿಯಾ ಕ್ಯಾಪ್ 12,000. ನಾಲ್ಕು ಫಿಲ್ಲಿಂಗ್ 7,200. ಮೂರು ಸಲದ ಸ್ಟೆರಿಲೈಸೇಷನ್ ಕಿಟ್, 500ರಂತೆ 1,500. ಕೊನೆಗೆ ಎಕ್ಸ್‌ರೇ 800. ಅದೇ, ಉಚಿತ ಎಕ್ಸ್‌ರೇ! ಎರಡು ಸಲ ಕೂಡಿದೆ. ಕೂಡೋದರಲ್ಲಿ ಮಾತ್ರ ಒಂದು ಪೈಸೆ ತಪ್ಪಿಲ್ಲ.

ಬೆಳಿಗ್ಗೆಯೇ ವಾಟ್ಸಾಪ್ ಮಾಡಿದೆ. 36 ಬೇಡ, ಫಿಲ್ಲಿಂಗ್ ಬೇಡ, ಅಷ್ಟು ದುಡ್ಡು ವಾಪಸ್ ಕೊಡಿ. "ಪ್ಯಾಕೇಜ್ ಬ್ರೇಕ್ ಮಾಡೋಕೆ ಬರಲ್ಲ ಮೇಡಂ." ಕೈಮುಗಿದ ಎಮೋಜಿ. ನಾನು ಒಪ್ಪಿಯೇ ಇಲ್ಲವಲ್ಲ ಅಂದೆ. "ಓಟಿಪಿ ಕೊಟ್ಟಿದ್ದು ನೀವೇ ಅಲ್ವಾ ಮೇಡಂ." ಮತ್ತೆ ಕೈಮುಗಿದ ಎಮೋಜಿ. ಫೈನಾನ್ಸ್‌ನವರಿಗೆ ಫೋನ್ ಮಾಡಿದರೆ, ದುಡ್ಡು ಕ್ಲಿನಿಕ್ ಖಾತೆಗೆ ಹೋಗಿದೆ, ಅವರು ವಾಪಸ್ ಮಾಡಿದರೆ ಸಾಲ ಮುಚ್ಚುತ್ತೇವೆ. ಕ್ಲಿನಿಕ್‌ಗೆ ಮಾಡಿದರೆ, ಸಾಲ ಕೊಟ್ಟಿದ್ದು ಅವರು, ಅವರನ್ನೇ ಕೇಳಿ. ನಾಲ್ಕು ದಿನ ಹೀಗೇ ಆಡಿಸಿದರು. ಕೊನೆಗೆ ಬಂದ ಉತ್ತರ: "ಬೇಕಿದ್ದರೆ ನಿಮ್ಮ ಯಜಮಾನರಿಗೆ ಫ್ರೀ ಕ್ಲೀನಿಂಗ್ ಮಾಡಿಕೊಡ್ತೀವಿ ಮೇಡಂ." ಎಮೋಜಿ ಇತ್ತಾ ಅಂತ ಕೇಳಬೇಡಿ. ಇಂಥ ಆ್ಯಪ್ ಸಾಲದಿಂದ ಶುರುವಿನ ಕೆಲವೇ ದಿನದಲ್ಲಿ ಅಸಲು ಮತ್ತು ಅಷ್ಟು ದಿನದ ಬಡ್ಡಿ ಇದ್ದರೆ ಅದನ್ನು ಕಟ್ಟಿ ದಂಡವಿಲ್ಲದೆ ಹೊರಬರಬಹುದು ಅಂತ ಆರ್‌ಬಿಐ ನಿಯಮ ಇದೆ. ನನಗೆ ಗೊತ್ತಾಗೋ ಹೊತ್ತಿಗೆ ಆ ಗಡುವು ಮುಗಿದಿತ್ತು. ಗೊತ್ತಾಗಿದ್ದರೂ ಅಸಲು ಕ್ಲಿನಿಕ್‌ನವರ ಹತ್ತಿರ ಇತ್ತಲ್ಲ!

ಐದನೇ ದಿನ ಅಂಗಡಿಯಲ್ಲಿ ಚಪಾತಿ ತಿನ್ನುವಾಗ ತಾತ್ಕಾಲಿಕ ಫಿಲ್ಲಿಂಗ್ ಉದುರಿ ಕೈಗೆ ಬಂತು. ಕ್ಲಿನಿಕ್‌ನಲ್ಲಿ "ಡಾಕ್ಟರ್ ಬರೋದು ಮುಂದಿನ ಶನಿವಾರ." ಮೂಟೆ ಹೊರೋ ಹಮಾಲಿಯೊಬ್ಬರು ನನ್ನ ಮುಖ ನೋಡಿ, "ಮಾರ್ಕೆಟ್ ಹತ್ರ ಸರ್ಕಾರಿ ಹಲ್ಲಿನ ಆಸ್ಪತ್ರೆ ಇಲ್ವೇನಕ್ಕಾ?" ಅಂದರು.

ಇದೆ. ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು. ನಾನು ದಿನಾ ಬಸ್ಸಿಳಿಯೋದು ಕೆ.ಆರ್. ಮಾರ್ಕೆಟಲ್ಲಿ. ಹದಿನಾಲ್ಕು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ.

ಕಾಯಬೇಕು, ಸುಳ್ಳು ಹೇಳಲ್ಲ. ಒಂದು ಹಲ್ಲಿಗೆ ನಾಲ್ಕು ಸಲ ಹೋದೆ, ಅರ್ಧರ್ಧ ದಿನ ರಜೆ. ಕೆಲಸ ಮಾಡಿದ್ದು ಪಿಜಿ ಓದುತ್ತಿರೋ ಹುಡುಗಿ. ಪ್ರತಿ ಹಂತಕ್ಕೂ ಅವರ ಮೇಷ್ಟ್ರು ಬಂದು ನೋಡಿ, ಸರಿ ಅಂದಮೇಲೇ ಮುಂದಿನದು. ಎಡಗಡೆ 36ಕ್ಕೆ ತಣ್ಣನೆಯ ಹತ್ತಿ ಇಟ್ಟು, ತಟ್ಟಿ, ಚಿಕ್ಕ ಎಕ್ಸ್‌ರೇ ತೆಗೆದು ನೋಡಿದರು. "ಇದಕ್ಕೆ ರೂಟ್ ಕೆನಾಲ್ ಬೇಕಾಗಿಲ್ಲ. ಉಳಿದ ಕಪ್ಪು ಗೆರೆ ಬರೀ ಕಲೆ ಮೇಡಂ. ಕಾಫಿ ಜಾಸ್ತಿ ಕುಡೀತೀರಾ?" ಕುಡಿಯುತ್ತೇನೆ. ಕಾಫಿ ಕಲೆಗೆ 7,200 ಕೊಟ್ಟಿದ್ದೇನೆ. ಇಲ್ಲಿ ಮೊದಲ ದಿನ ಚೀಟಿ, ಎಕ್ಸ್‌ರೇ ಎಲ್ಲಾ ಸೇರಿ ಕಟ್ಟಿದ್ದು ಆ ಕ್ಲಿನಿಕ್‌ನ ಒಂದು ಕಿಟ್‌ನ 500ರ ಹತ್ತಿರಕ್ಕೂ ಬರಲಿಲ್ಲ.

ಹಾಗಾಗಿ, ನೋವಿದ್ದರೆ ಮೊದಲು ಹತ್ತಿರದ ಡೆಂಟಲ್ ಕಾಲೇಜು ಹುಡುಕಿ. ಬಳ್ಳಾರಿಯಲ್ಲೂ ಸರ್ಕಾರಿಯದು ಇದೆ. ದಾವಣಗೆರೆ, ಮೈಸೂರು, ಮಂಗಳೂರು, ಧಾರವಾಡದಲ್ಲಿ ಖಾಸಗಿ ಕಾಲೇಜುಗಳಿವೆ, ಅಲ್ಲೂ ಸಾಮಾನ್ಯವಾಗಿ ಕ್ಲಿನಿಕ್‌ಗಿಂತ ಕಡಿಮೆ. ಬಿಪಿಎಲ್ ಕಾರ್ಡಿರೋ ವಯಸ್ಸಾದವರಿಗೆ ಹಲ್ಲಿನ ಸೆಟ್ ಬೇಕಿದ್ದರೆ ಸರ್ಕಾರದ ದಂತಭಾಗ್ಯ ಯೋಜನೆ ಅಂತ ಕೇಳಿ. ಕ್ಲಿನಿಕ್‌ಗೇ ಹೋಗೋದಾದರೆ ಯಾವ ನಂಬರ್ ಹಲ್ಲು, ಎಷ್ಟು, ಕ್ಯಾಪ್ ಸೇರಿಯಾ ಅಂತ ಇಂಜೆಕ್ಷನ್‌ಗೆ ಮುಂಚೆ ಬರೆಸಿಕೊಳ್ಳಿ. ಪ್ಯಾನ್ ಕಾರ್ಡ್ ಕೇಳಿದರೆ ಎದ್ದು ಬನ್ನಿ. ಗ್ರೀನ್ ಟೀ ಕೂಡ ಕುಡಿಯಬೇಡಿ.

1915, ಗ್ರಾಹಕರ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಕ್ಲಿನಿಕ್‌ನಿಂದ ಇನ್ನೂ ಉತ್ತರವಿಲ್ಲ. ಐದನೇ ತಾರೀಕು ಬಂದರೆ ಮತ್ತೆ 3,875 ಕಟ್ ಆಗುತ್ತೆ. ಇನ್ನು ಒಂಬತ್ತು ಕಂತು.