ಗೆಲ್ಲುವವನ ಹೆಸರು ಸರಿಯಾಗೇ ಹೇಳಿದ್ದರು, ಸೋತಿದ್ದು ನಾನು

ಹೋದ ವಾರ ಒಂದು ಮೇಲ್ ಬಂತು. ಮಾಸ್ಟರ್ಸ್ ಗಾಲ್ಫ್ ಟೂರ್ನಿ ಗೆದ್ದವನನ್ನು ನಾವು ಮೊದಲೇ ಹೇಳಿದ್ದೆವು, 2026ರ ಇಡೀ ವರ್ಷದ ಪ್ಯಾಕ್ ಈಗ 180 ಡಾಲರ್, ಬೇಗ ತಗೊಳ್ಳಿ ಅಂತ. ಕಳಿಸಿದವರು ಗಾಲ್ಫ್ ಟೂರ್ನಿಗಳಿಗೆ ಬೆಟ್ಟಿಂಗ್ ಮತ್ತು ಫ್ಯಾಂಟಸಿ ಮುನ್ನೋಟ ಬರೆದು ಮಾರುವವರು. ಹೆಸರು ಬೇಡ ಬಿಡಿ, ಇಂಥವರು ಇಲ್ಲಿ ಬೀದಿಗೊಬ್ಬರಿದ್ದಾರೆ. ಹೇಳಿದ್ದು ಸುಳ್ಳೇನಲ್ಲ. 2025ರ ಏಪ್ರಿಲ್‌ನಲ್ಲಿ ಅವರ ಪಟ್ಟಿಯಲ್ಲಿ ರೋರಿ ಮೆಕಿಲ್ರಾಯ್ ಹೆಸರಿತ್ತು. ನಾನೂ ಅವನ ಮೇಲೆ ದುಡ್ಡು ಕಟ್ಟಿದ್ದೆ. ಅವನು ಗೆದ್ದ. ನಾನು 36 ಡಾಲರ್ 50 ಸೆಂಟ್ ಸೋತೆ.

ಅದು ಹೇಗಾಯಿತು ಅನ್ನುವುದೇ ಈ ವಿಮರ್ಶೆ.

ಮೊದಲು ಒಂದು ಮಾತು. ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಇಲ್ಲಿ 2018ರಿಂದ ಆಟದ ಮೇಲೆ ಬೆಟ್ ಕಟ್ಟುವುದು ಕಾನೂನಿಗೆ ಒಪ್ಪಿಗೆ. ಊರಿನಲ್ಲಿ, ಅಂದರೆ ಭಾರತದಲ್ಲಿ, ಹಾಗಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ನನ್ನ ತಮ್ಮ ಬೆಂಗಳೂರಿನಿಂದ ಫೋನ್ ಮಾಡಿ ‘ಅಣ್ಣಾ, ನನಗೂ ಆ ಮುನ್ನೋಟದ ಪಿಡಿಎಫ್ ಕಳಿಸು’ ಅಂದ. ಓದೋದಕ್ಕೆ ಮಾತ್ರ ಕಣೋ ಅಂತ ಹೇಳಿ ಕಳಿಸಿದೆ. ಅವನು ಓದಿದ್ದು ಎರಡು ಪುಟ.

ನನಗೆ ಗಾಲ್ಫ್ ಹುಚ್ಚು ಹತ್ತಿದ್ದು ಅಮೆರಿಕಕ್ಕೆ ಬಂದ ಮೇಲಲ್ಲ. ನಮ್ಮ ಸೋದರಮಾವ ಚಲ್ಲಘಟ್ಟದ ಗಾಲ್ಫ್ ಕೋರ್ಸಿನಲ್ಲಿ ಇಪ್ಪತ್ತು ವರ್ಷ ಕ್ಯಾಡಿ (ಆಟಗಾರರ ಚೀಲ ಹೊರುವವರು) ಆಗಿದ್ದವರು. ದೊಮ್ಮಲೂರು ಕಡೆಯ ಹಳಬರಿಗೆ ಗೊತ್ತು, ಆ ಕೋರ್ಸ್ ಇರುವುದು ಹಳೇ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಬೇಸಿಗೆ ರಜೆಯಲ್ಲಿ ಮಾವ ಹೇಳುತ್ತಿದ್ದರು: ‘ಕೆರೆ ಹೋದ್ರೂ ನೀರಿನ ದಾರಿ ಹೋಗಲ್ಲ ಅಳಿಯಾ. ಬಾಲು ಆ ಕಡೀಗೇ ಎಳೀತೈತೆ. ಕಣ್ಣು ಮೋಸ ಮಾಡ್ತೈತೆ, ಕಾಲು ಮಾಡಲ್ಲ.’ ಪಟ್ ಮಾಡುವ, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಮುಂಚೆ ಗ್ರೀನ್ (ಗುಳಿಯ ಸುತ್ತಲಿನ ನುಣ್ಣನೆ ಹುಲ್ಲು) ಮೇಲೆ ನಡೆದರೆ ಇಳಿಜಾರು ಯಾವ ಕಡೆ ಅಂತ ಪಾದಕ್ಕೆ ಗೊತ್ತಾಗುತ್ತದೆ ಅನ್ನುವುದು ಅವರ ಮಾತಿನ ಅರ್ಥ.

ಈ ಮಾತು ಯಾಕೆ ಬಂತು ಅಂದರೆ, 25 ಡಾಲರ್ ಕೊಟ್ಟು ತಗೊಂಡ ಮಾಸ್ಟರ್ಸ್ ವಾರದ ಪ್ಯಾಕಿನಲ್ಲಿ ಮೊದಲ ಹನ್ನೆರಡು ಪುಟ ಓದುವಾಗ ನಮ್ಮ ಮಾವನೇ ಎದುರಿಗೆ ಕೂತು ಹೇಳಿದ ಹಾಗಿತ್ತು. ಆಗಸ್ಟಾ ನ್ಯಾಷನಲ್ ಕೋರ್ಸಿನ ವಿವರಣೆ ಅದು. ಒಂದೊಂದು ಹೋಲಿಗೂ (ಮೊದಲ ಹೊಡೆತದಿಂದ ಗುಳಿಯವರೆಗಿನ ಹಾದಿ) ಕೈಯಲ್ಲಿ ಬಿಡಿಸಿದ ನಕ್ಷೆ. ರೇಸ್ ಕ್ರೀಕ್ ಅನ್ನುವ ಹಳ್ಳ ಎಲ್ಲಿ ಹರಿಯುತ್ತದೆ, ಯಾವ ಗ್ರೀನ್ ಆ ಕಡೆ ವಾಲಿದೆ ಅಂತ ಬಾಣದ ಗುರುತು. ಟೀವಿಯಲ್ಲಿ ಆಗಸ್ಟಾ ಚಪ್ಪಟೆಯಾಗಿ, ಹಸಿರು ಜಮಖಾನ ಹಾಸಿದ ಹಾಗೆ ಕಾಣುತ್ತದೆ. ಅಲ್ಲಿಗೆ ಹೋಗಿ ಬಂದವರೆಲ್ಲ ಮೊದಲು ಹೇಳುವುದು ಅದರ ಏರಿಳಿತದ ಬಗ್ಗೆ.

12ನೇ ಹೋಲನ್ನೇ ತಗೊಳ್ಳಿ. ಉದ್ದ ಬರೀ 155 ಗಜ. ಇದಕ್ಕೆ ಯಾಕೆ ದೊಡ್ಡ ದೊಡ್ಡವರು ಹೆದರುತ್ತಾರೆ ಅಂತ ನನಗೆ ಅರ್ಥವೇ ಆಗಿರಲಿಲ್ಲ. ಗ್ರೀನ್ ಓರೆಯಾಗಿದೆ, ಎಡಭಾಗ ಹತ್ತಿರ, ಬಲಭಾಗ ದೂರ. ಬಲಗೈ ಆಟಗಾರನ ಹೊಡೆತ ಬಲಕ್ಕೆ ಜಾರಿದರೆ ಸಾಮಾನ್ಯವಾಗಿ ದೂರವೂ ಕಮ್ಮಿ ಬೀಳುತ್ತದೆ. ಆ ಬದಿಯಲ್ಲಿ ಗ್ರೀನ್ ಇನ್ನೂ ಮುಂದಿದೆ. ಚೆಂಡು ಸೀದಾ ಹಳ್ಳಕ್ಕೆ. 2016ರಲ್ಲಿ ಜೋರ್ಡನ್ ಸ್ಪೀತ್ ಮುಂದಿದ್ದವನು ಎರಡು ಚೆಂಡು ನೀರಿಗೆ ಹಾಕಿ 7 ಹೊಡೆತ ಬರೆಸಿಕೊಂಡ. 2019ರಲ್ಲಿ ಮೊಲಿನಾರಿ. ಎಡಗೈಯವನ ಹೊಡೆತ ಹಾಗೆ ಜಾರಿದರೆ ಎಡಕ್ಕೆ ಹೋಗುತ್ತದೆ, ಅಲ್ಲಿ ಗ್ರೀನ್ ಹತ್ತಿರ, ಉಳಿದುಕೊಳ್ಳುತ್ತದೆ. ಅಲ್ಲಿಗೇ ನಿಲ್ಲಿಸದೆ ಒಂದು ಲೆಕ್ಕವನ್ನೂ ಕೊಟ್ಟಿದ್ದರು. 2003ರಿಂದ 2014ರವರೆಗಿನ 12 ಮಾಸ್ಟರ್ಸ್‌ಗಳಲ್ಲಿ 6 ಗೆದ್ದವರು ಎಡಗೈಯವರು. ಮೈಕ್ ವಿಯರ್ ಒಂದು, ಮಿಕಲ್ಸನ್ ಮೂರು, ಬುಬ್ಬಾ ವಾಟ್ಸನ್ ಎರಡು. ಎಡಗೈ ಗಾಲ್ಫರುಗಳು ಎಷ್ಟು ಕಮ್ಮಿ ಅಂತ ಗೊತ್ತಿದ್ದವರಿಗೆ ಇದು ಎಂಥಾ ಸಂಖ್ಯೆ ಅಂತ ಹೇಳಬೇಕಿಲ್ಲ.

13ನೇ ಹೋಲಿನ ಪುಟ ಇನ್ನೂ ಚೆನ್ನಾಗಿತ್ತು. 2023ರಲ್ಲಿ ಅದರ ಟೀಯನ್ನು (ಮೊದಲ ಹೊಡೆತ ಹೊಡೆಯುವ ಜಾಗ) 35 ಗಜ ಹಿಂದಕ್ಕೆ ತಳ್ಳಿ 545 ಗಜ ಮಾಡಿದರು. ಎರಡನೇ ಹೊಡೆತದಲ್ಲೇ ಗ್ರೀನ್‌ಗೆ ಹೋಗುವುದೋ, ಹಳ್ಳದ ಈಚೆಗೆ ನಿಲ್ಲಿಸುವುದೋ ಅನ್ನುವುದೇ ಈಗ ತಲೆನೋವು. ಈಚೆಗೆ ನಿಲ್ಲಿಸಿದರೆ ನೆಮ್ಮದಿ ಅಂದುಕೊಳ್ಳಬೇಡಿ, ಇಳಿಜಾರಿನ ಮೇಲೆ ನಿಂತು ಚಿಕ್ಕ ವೆಜ್ (ಚೆಂಡನ್ನು ಮೇಲಕ್ಕೆತ್ತುವ ಕೋಲು) ಹೊಡೆತ ಹೊಡೆಯಬೇಕು, ಗ್ರೀನ್ ಹಳ್ಳದ ಕಡೆ ವಾಲಿದೆ ಅಂತ ಎಚ್ಚರಿಸಿದ್ದರು. ಭಾನುವಾರ ಮೆಕಿಲ್ರಾಯ್ ಮಾಡಿದ್ದು ಅಕ್ಷರಶಃ ಅದೇ. ಜೋಪಾನವಾಗಿ ಈಚೆಗೆ ನಿಲ್ಲಿಸಿದ. ಆಮೇಲೆ ನೂರು ಗಜವೂ ಇಲ್ಲದ ದೂರದಿಂದ ಚೆಂಡನ್ನು ನೀರಿಗೆ ಹಾಕಿದ. ಡಬಲ್ ಬೋಗಿ, ಅಂದರೆ ಆ ಹೋಲಿಗೆ ನಿಗದಿಯಾದ ಹೊಡೆತಕ್ಕಿಂತ ಎರಡು ಜಾಸ್ತಿ. ನಾನು ಸೋಫಾದಿಂದ ಎದ್ದು ನಿಂತು ‘ಪುಟ ಒಂಬತ್ತು!’ ಅಂತ ಕೂಗಿದೆ. ಮನೆಯವಳು ಏನೋ ಆಯ್ತು ಅಂತ ಅಡುಗೆಮನೆಯಿಂದ ಓಡಿ ಬಂದಳು.

ಇಷ್ಟಕ್ಕೆ 25 ಡಾಲರ್ ಕೊಟ್ಟಿದ್ದರೂ ನನಗೆ ಬೇಜಾರಿರಲಿಲ್ಲ. ತೊಂದರೆ ಶುರುವಾಗುವುದು ಹದಿಮೂರನೇ ಪುಟದಿಂದ.

ಅಲ್ಲಿಂದ ಮುಂದೆ ಬರೆದವನು ಬೇರೆಯವನೇ ಇರಬೇಕು. ಸುಮ್ನೆ ಹೇಳುತ್ತಿಲ್ಲ. ಕೋರ್ಸ್ ಭಾಗದಲ್ಲಿ ಒತ್ತಿ ಒತ್ತಿ ಹೇಳಿದ್ದು ಆಗಸ್ಟಾದಲ್ಲಿ ಅನುಭವಕ್ಕೆ ಬೆಲೆ ಜಾಸ್ತಿ ಅಂತ. ಮೊದಲ ಸಲ ಆಡಲು ಬಂದು ಗೆದ್ದ ಕೊನೆಯವನು 1979ರ ಫಜ್ಜಿ ಜೋಲರ್ ಅಂತಲೂ ಬರೆದಿದ್ದರು. ಆಮೇಲೆ ‘ಈ ವಾರ ಬಿಟ್ಟುಬಿಡಿ’ ಪಟ್ಟಿ ನೋಡಿದರೆ ಮೊದಲ ಹೆಸರೇ ಜಸ್ಟಿನ್ ರೋಸ್. ವಯಸ್ಸು 44, ಇತ್ತೀಚಿನ ಆಟ ಸಪ್ಪೆ, ಮುಗಿಯಿತು. 2017ರಲ್ಲಿ ಇದೇ ಕೋರ್ಸಿನಲ್ಲಿ ಸೆರ್ಜಿಯೊ ಗಾರ್ಸಿಯಾ ಎದುರು ಪ್ಲೇಆಫ್ (ಸಮ ಬಂದವರ ನಿರ್ಣಾಯಕ ಆಟ) ತನಕ ಹೋಗಿ ಸೋತವನು ಅವನು. ಇಲ್ಲಿನ ಇಳಿಜಾರು ಅವನ ಕಾಲಿಗೆ ಗೊತ್ತು. ಗುರುವಾರ 65 ಹೊಡೆತಕ್ಕೆ ಮುಗಿಸಿ ಮೊದಲ ಸ್ಥಾನ. ಭಾನುವಾರ 10 ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಮ್ಮಿ) ಮಾಡಿ 66. ಮತ್ತೆ ಪ್ಲೇಆಫ್. ತಮ್ಮದೇ ಮೊದಲ ಹನ್ನೆರಡು ಪುಟಗಳನ್ನು ಇವರು ಓದಿದ್ದರೆ ಅವನನ್ನು ಹೀಗೆ ತಳ್ಳಿಹಾಕುತ್ತಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಬೆಟ್ಟಿಂಗ್ ಕಾರ್ಡಿನಲ್ಲಿ ಹನ್ನೆರಡು ಬೆಟ್ ಇದ್ದವು. ಮೆಕಿಲ್ರಾಯ್, ಮೊರಿಕಾವ, ರಾಮ್, ಓಬರ್ಗ್ ಹೀಗೆ ಗೆಲ್ಲುವವರು ಕೆಲವರು, ಮೊದಲ ಇಪ್ಪತ್ತರಲ್ಲಿ ಬರುವವರು ಕೆಲವರು. ಎಲ್ಲದಕ್ಕೂ ಒಂದೇ ಸಮ ಕಟ್ಟಿ ಅಂತ ಸಲಹೆ. ನಾನು ಐದೈದು ಡಾಲರ್ ಕಟ್ಟಿದೆ, ಒಟ್ಟು 60. ಮೆಕಿಲ್ರಾಯ್‌ಗೆ ನನಗೆ ಸಿಕ್ಕ ದರ ಒಂದಕ್ಕೆ ಆರೂವರೆ. ಕಟ್ಟಿದ ಐದೂ ಸೇರಿ 37.50 ಬಂತು. ಕೋರಿ ಕಾನರ್ಸ್ ಎಂಟನೇ ಸ್ಥಾನ ಹಂಚಿಕೊಂಡ, ಇಪ್ಪತ್ತರೊಳಗೆ ಬಂದಿದ್ದಕ್ಕೆ 11 ಡಾಲರ್. ಉಳಿದ ಹತ್ತೂ ಸೊನ್ನೆ. ಬಂದಿದ್ದು ಒಟ್ಟು 48.50. ಅಂದರೆ ಬೆಟ್‌ನಲ್ಲಿ 11.50 ಕೈಬಿಟ್ಟಿತು, ಪ್ಯಾಕಿನ 25 ಸೇರಿಸಿದರೆ 36.50. ಗೆದ್ದವನನ್ನು ಹಿಡಿದ ವಾರದ ಕಥೆ ಇದು. ಹಿಡಿಯದ ವಾರದ್ದು ನೀವೇ ಊಹಿಸಿ.

‘ರೀ, ನಿಮ್ಮೋನು ಗೆದ್ದನಲ್ಲಾ, ಎಷ್ಟು ಬಂತು?’ ಅಂತ ಮನೆಯವಳು ಕೇಳಿದಾಗ ನಾನು ಲಕೋಟೆಯ ಹಿಂದೆ ಇದನ್ನೇ ಬರೆದು ತೋರಿಸಿದೆ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಇನ್ನೊಂದು ತಪ್ಪನ್ನು ಹಿಡಿದಿದ್ದು ಅವಳೇ. ಪ್ಯಾಕಿನ ಜೊತೆ ಒಂದು ಎಕ್ಸೆಲ್ ಶೀಟ್ ಬರುತ್ತದೆ, ಪ್ರತಿ ಆಟಗಾರ ಗೆಲ್ಲುವ ಸಾಧ್ಯತೆ ಶೇಕಡಾ ಎಷ್ಟು ಅಂತ. ಮೆಕಿಲ್ರಾಯ್ ಮುಂದೆ 11 ಇತ್ತು. ಒಂದಕ್ಕೆ ಆರೂವರೆ ಅನ್ನುವ ದರದ ಅರ್ಥ, ನೂರಕ್ಕೆ ಹದಿಮೂರಕ್ಕಿಂತ ಸ್ವಲ್ಪ ಜಾಸ್ತಿ ಸಲ ಅವನು ಗೆದ್ದರೆ ಮಾತ್ರ ಕಟ್ಟಿದವನಿಗೆ ಲಾಭ ಅಂತ. ಕಟ್ಟಿದ್ದೂ ಸೇರಿ ವಾಪಸ್ ಬರುವುದು ಏಳೂವರೆ, ಒಂದನ್ನು ಅದರಿಂದ ಭಾಗಿಸಿ ನೋಡಿ. ಅಂದರೆ ಇವರದೇ ಶೀಟ್ ಪ್ರಕಾರ ಆ ಬೆಟ್ ಕಟ್ಟಲೇಬಾರದಿತ್ತು! ಆದರೂ ಪಕ್ಕದಲ್ಲಿ ಮೂರು ನಕ್ಷತ್ರ ಹಾಕಿದ್ದರು. ಅದನ್ನೇ ಈಗ ಮೇಲ್‌ನಲ್ಲಿ ಜಂಬದಿಂದ ಹೇಳಿಕೊಳ್ಳುತ್ತಿದ್ದಾರೆ.

ಸಮಬಲದ ನಿಯಮದ ಬಗ್ಗೆ ಒಂದು ಸಾಲೂ ಇಲ್ಲ. ಮೊದಲ ಇಪ್ಪತ್ತರ ಬೆಟ್‌ನಲ್ಲಿ ಇದು ಹೊಸಬರ ಜೇಬಿಗೆ ಕತ್ತರಿ. 18ನೇ ಸ್ಥಾನದಲ್ಲಿ ಐವರು ಸಮ ಬಂದರೆ ಉಳಿದಿರುವ ಜಾಗ ಮೂರೇ. ಆಗ ನಿಮ್ಮ ಬೆಟ್‌ನ ಐದರಲ್ಲಿ ಮೂರು ಪಾಲಿಗೆ ಮಾತ್ರ ಗೆಲುವು, ಉಳಿದ ಎರಡು ಪಾಲು ಹೋಯಿತು ಅಂತಲೇ ಲೆಕ್ಕ. ಇದನ್ನು ಹೇಳದೆ ಇಪ್ಪತ್ತರ ಬೆಟ್ ಕಟ್ಟಿಸುವುದು ತಪ್ಪು.

ಫ್ಯಾಂಟಸಿ ಭಾಗ ಪರವಾಗಿಲ್ಲ. ನಮ್ಮ ಆಫೀಸಿನಲ್ಲಿ ಹದಿನಾಲ್ಕು ಜನ ತಲಾ ಇಪ್ಪತ್ತು ಡಾಲರ್ ಹಾಕಿ ಆಡುತ್ತೇವೆ. 50,000ದ ಕಾಲ್ಪನಿಕ ಬಜೆಟ್, ಆರು ಆಟಗಾರರು. ಕ್ರಿಕೆಟ್ ಫ್ಯಾಂಟಸಿ ಆಡಿದವರಿಗೆ ಇದು ಸುಲಭ ಅನ್ನಿಸಬಹುದು, ಆದರೆ ಇಲ್ಲಿ ಕಟ್ ಅನ್ನುವ ಯಮ ಇದ್ದಾನೆ. ಮಾಸ್ಟರ್ಸ್‌ನಲ್ಲಿ ಎರಡು ದಿನದ ನಂತರ ಮೊದಲ ಐವತ್ತು ಸ್ಥಾನದವರು ಮತ್ತು ಸಮ ಬಂದವರು ಮಾತ್ರ ಉಳಿಯುತ್ತಾರೆ. ನಿಮ್ಮವನು ಹೊರಗೆ ಬಿದ್ದರೆ ಶನಿವಾರ, ಭಾನುವಾರ ನೀವು ಐವರಲ್ಲಿ ಆಡಬೇಕು. ಇವರು ಕೈ ಮುಗಿದು ಸೇರಿಸಿಕೊಳ್ಳಿ ಅಂದಿದ್ದ ರಸೆಲ್ ಹೆನ್ಲಿ ಗುರುವಾರವೇ 79 ಹೊಡೆದ. ಶುಕ್ರವಾರ ಸಂಜೆ ಮನೆಗೆ ಹೋದ.

ಆದರೂ ಒಂದು ವಿಷಯ ಇವರಿಂದ ಕಲಿತೆ. ಬೆಟ್‌ಗೆ ಬೇಕಾದವನೇ ಫ್ಯಾಂಟಸಿಗೂ ಬೇಕು ಅಂತಿಲ್ಲ. ನಮ್ಮ ಲೆಕ್ಕದಲ್ಲಿ ಬರ್ಡಿಗೆ 3 ಅಂಕ, ಪಾರ್‌ಗೆ (ನಿಗದಿಯಷ್ಟೇ ಹೊಡೆತ) ಅರ್ಧ, ಬೋಗಿಗೆ (ಒಂದು ಜಾಸ್ತಿ) ಅರ್ಧ ಕಳೆಯುತ್ತಾರೆ. ಹಾಗಾಗಿ ಬರೀ ಪಾರ್ ಹೊಡೆದುಕೊಂಡು ಹೋಗುವ ಸಂಭಾವಿತನಿಗಿಂತ, ನಾಲ್ಕು ಬೋಗಿ ಹೊಡೆದರೂ ಹತ್ತು ಬರ್ಡಿ ಮಾಡುವ ಹುಂಬ ಮೇಲು. ರೋಸ್‌ನ ಕೊನೆಯ ದಿನದ ಆಟವೊಂದೇ 30 ಅಂಕದ ಹತ್ತಿರ. ನನ್ನ ತಂಡದಲ್ಲಿ ಅವನಿರಲಿಲ್ಲ, ಯಾಕೆ ಅಂತ ಮೇಲೆ ಹೇಳಿದ್ದೇನೆ. ಓಬರ್ಗ್ ಇದ್ದ. ಭಾನುವಾರ ಎರಡು ಹೋಲ್ ಬಾಕಿ ಇದ್ದಾಗ ಅವನೂ ಗೆಲ್ಲುವ ಲೆಕ್ಕದಲ್ಲಿದ್ದ, ನಾನು ಆಫೀಸಿನಲ್ಲಿ ಮೂರನೆಯವನು. ಅವನು 17ರಲ್ಲಿ ಬೋಗಿ, 18ರಲ್ಲಿ ಟ್ರಿಪಲ್ ಬೋಗಿ. ನಾನು ಐದನೆಯವನು. ಬಹುಮಾನ ಇದ್ದಿದ್ದು ಮೂವರಿಗೆ. ಇದಕ್ಕೆ ಮುನ್ನೋಟದವರನ್ನು ಬೈಯುವ ಹಾಗಿಲ್ಲ. ಅಂದ ಹಾಗೆ ಆಫೀಸಿನ ನಮ್ಮ ಜನರಲ್ಲಿ ಅರ್ಧ ಮಂದಿ ಯಾವ ಮುನ್ನೋಟವನ್ನೂ ಓದದೆ ಅಕ್ಷಯ್ ಭಾಟಿಯಾನನ್ನು, ತೆಲುಗಿನವರೆಲ್ಲ ಸಾಹಿತ್ ತೀಗಲನನ್ನು ತಗೊಂಡಿದ್ದರು. ಅದೂ ಒಂದು ವಿಧಾನವೇ.

ಪ್ಯಾಕಿನ ಜೊತೆ ಬರುವ ಬುಧವಾರ ರಾತ್ರಿಯ ಆಡಿಯೋ ಮಾತುಕತೆ ಸಮಯ ಹಾಳು. ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ, ಮಾಸ್ಟರ್ಸ್ ಮುನ್ನಾದಿನದ ಪಾರ್-3 ಸ್ಪರ್ಧೆ (ಚಿಕ್ಕ ಹೋಲುಗಳ ಆಟ) ಗೆದ್ದವನು ಅದೇ ವರ್ಷ ಮಾಸ್ಟರ್ಸ್ ಗೆದ್ದಿದ್ದೇ ಇಲ್ಲ ಅನ್ನುವ ಹಳೇ ಪುರಾಣ. ಅವರ ಆ್ಯಪ್ ಬಗ್ಗೆ ಹೇಳುವಷ್ಟು ಏನಿಲ್ಲ, ನಿಧಾನ.

5ಕ್ಕೆ ನನ್ನ ಅಂಕ 3. ಆ ಮೂರೂ ಮೊದಲ ಹನ್ನೆರಡು ಪುಟಕ್ಕೆ. ಪ್ಲೇಆಫ್ ದಿನ ಮಾವನಿಗೆ ವಿಡಿಯೋ ಕಾಲ್ ಮಾಡಿದ್ದೆ. ಅಲ್ಲಿ ಸೋಮವಾರ ಬೆಳಗಿನ ಜಾವ. 18ರಲ್ಲಿ ಮೆಕಿಲ್ರಾಯ್ ಐದಡಿಯ ಪಟ್ ತಪ್ಪಿಸಿದಾಗ ಅವರು ಅಂದಿದ್ದು ‘ನಡೆದು ನೋಡಲಿಲ್ಲ ಅವನು’ ಅಂತ. ನಡೆದಿದ್ದನೋ ಇಲ್ಲವೋ, ಪ್ಲೇಆಫ್‌ನಲ್ಲಿ ಅದೇ ಹೋಲಿನಲ್ಲಿ ಎರಡನೇ ಹೊಡೆತವನ್ನು ಹೋಲಿನ ಪಕ್ಕಕ್ಕೇ ತಂದು ಬರ್ಡಿ ಮಾಡಿ ಮಂಡಿಯೂರಿ ಅತ್ತ. 2014ರ ನಂತರ ಹತ್ತಿರ ಹತ್ತಿರ ಹನ್ನೊಂದು ವರ್ಷ ಒಂದೂ ಮೇಜರ್ (ಗಾಲ್ಫಿನ ನಾಲ್ಕು ದೊಡ್ಡ ಟೂರ್ನಿಗಳಲ್ಲೊಂದು) ಇಲ್ಲದೆ ಕಾದವನು. ಮಾವನೂ ಕಣ್ಣು ಒರೆಸಿಕೊಂಡರು.

ಮೊನ್ನೆ ಆ ಕಂಪನಿಗೆ ಒಂದು ಮೇಲ್ ಹಾಕಿದೆ. ಕೋರ್ಸ್ ಭಾಗ ಮಾತ್ರ ಬಿಡಿಯಾಗಿ ಕೊಡ್ತೀರಾ, ಹತ್ತು ಡಾಲರ್ ಕೊಡ್ತೀನಿ ಅಂತ. ಹಾಗೆ ಮಾರುವುದಿಲ್ಲವಂತೆ, ಭಾನುವಾರದೊಳಗೆ ಇಡೀ ವರ್ಷದ್ದು ತಗೊಂಡರೆ ಶೇಕಡಾ 20 ಕಮ್ಮಿಯಂತೆ. ಭಾನುವಾರ ಕಳೆಯಿತು. 2026ರ ಮೇನಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಪೆನ್ಸಿಲ್ವೇನಿಯಾದ ಅರೋನಿಮಿಂಕ್‌ನಲ್ಲಿದೆ, ನಮ್ಮ ಮನೆಯಿಂದ ಕಾರಿನಲ್ಲಿ ಹೋಗಿ ಬರುವಷ್ಟು ದೂರ. ಅಭ್ಯಾಸದ ದಿನದ ಟಿಕೆಟ್ ಸಿಕ್ಕರೆ ಒಳ್ಳೇ ಬೂಟು ಹಾಕಿಕೊಂಡು ಹದಿನೆಂಟೂ ಹೋಲಿನ ಪಕ್ಕ ನಡೆದು ಬರೋಣ ಅಂತಿದ್ದೇನೆ. ಮನೆಯವಳು ಚಿತ್ರಾನ್ನ ಕಟ್ಟಿಕೊಡ್ತೀನಿ, ಬೆಟ್ ಮಾತ್ರ ಬೇಡ ಅಂದಿದ್ದಾಳೆ.